ಹನ್ನೊಂದು ಪದರ ಡಾಂಬರು, ಒಂದು ಪದರ ಹಾಳೆ

ಮೋಡ ಕವಿದರೆ ನೀವೇನು ಮಾಡುತ್ತೀರಿ? ಒಣಗಲು ಹಾಕಿದ ಬಟ್ಟೆ ಎತ್ತಿಕೊಳ್ಳುತ್ತೀರಿ, ಕಿಟಕಿ ಹಾಕುತ್ತೀರಿ, ಆಮೇಲೆ ಒಂದು ಲೋಟ ಟೀ ಹಿಡಿದು ಕೂರುತ್ತೀರಿ. ನಮ್ಮ ಪಕ್ಕದ ಮನೆಯವರಿಗೆ ಆ ಭಾಗ್ಯ ಇರಲಿಲ್ಲ. ಮೋಡ ಕಂಡರೆ ಸಾಕು, ಅವರು ಪುಸ್ತಕ ಹೊರಲು ಶುರು ಮಾಡುತ್ತಿದ್ದರು.

ಅದು ಪುಸ್ತಕ ಬೈಂಡಿಂಗ್ ಮಾಡುವವರ ಮನೆ. ಕೆಳಗೆ ವಾಸ, ಮಹಡಿಯಲ್ಲಿ ಉದ್ದನೆಯ ಕೆಲಸದ ಕೋಣೆ, ಅದರ ನೆತ್ತಿಯ ಮೇಲೆ ಸಮತಟ್ಟಾದ ತಾರಸಿ. ಕೋಣೆಯ ತುಂಬ ಕಾಗದ, ರಟ್ಟು, ಅಂಟು, ದಾರ. ಮಧ್ಯದಲ್ಲಿ ಪುಸ್ತಕ ಒತ್ತುವ ಕಬ್ಬಿಣದ ದೊಡ್ಡ ಪ್ರೆಸ್ಸು. ತಾರಸಿ ಒಂದು ವರ್ಷ ಪ್ರೆಸ್ಸಿನ ಮೇಲೆ ಸೋರಿದರೆ ಮರುವರ್ಷ ಬಾಗಿಲ ಹತ್ತಿರ ಸೋರುತ್ತಿತ್ತು. ಸೋರುವ ಜಾಗದಿಂದ ಪುಸ್ತಕ ತೆಗೆದು ಸೋರದ ಜಾಗದಲ್ಲಿ ಇಡಬೇಕು. ಇಟ್ಟ ಮೇಲೆ ಅಲ್ಲೂ ತೊಟಕ್ ಎಂದಿತೋ, ಮತ್ತೆ ಎತ್ತಬೇಕು.

ನಾನು ಪಕ್ಕದ ಮನೆಯ ಟೈಲರ್. ನನ್ನ ಹೊಲಿಗೆ ಮೆಷಿನ್ನು ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಆ ಮನೆಯ ಸುದ್ದಿ ಅವರಿಗಿಂತ ಮೊದಲು ನನಗೇ ಗೊತ್ತಾಗುತ್ತದೆ. ಎಲ್ಲದಕ್ಕೂ ಮೂಗು ತೂರಿಸುವವಳು ಎಂದು ಯಾರಾದರೂ ಅಂದರೆ ಅನ್ನಲಿ. ಮೂಗು ತೂರಿಸಿದ್ದರಿಂದಲೇ ಈ ಕಥೆ ನಿಮಗೆ ಸಿಗುತ್ತಿದೆ.

ಆ ಮನೆಯ ಯಜಮಾನರು ನಲವತ್ತೈದು ವರ್ಷದಿಂದ ಬೈಂಡರ್. ಅವರು ಕಟ್ಟಿದ ಪುಸ್ತಕ ಬಿಚ್ಚಿಕೊಂಡದ್ದನ್ನು ಯಾರೂ ನೋಡಿಲ್ಲ. ಆದರೆ ಬೀದಿಯವರಿಗೆಲ್ಲ ಅವರು ಡಾಂಬರ್ ಮಾವ. ಯಾಕೆಂದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅವರು ತಾರಸಿಯ ಮೇಲೆ ಒಲೆ ಹೂಡಿ, ಡಾಂಬರು ಕಾಯಿಸಿ, ಉದ್ದಗಲಕ್ಕೂ ಬಳಿದು, ಮೇಲೊಂದು ಕಪ್ಪು ಶೀಟು ಅಂಟಿಸುತ್ತಿದ್ದರು. ಅವತ್ತು ಇಡೀ ಬೀದಿ ಕೆಮ್ಮುತ್ತಿತ್ತು. ಹೀಗೆ ಹನ್ನೊಂದು ವರ್ಷ ನಡೆಯಿತು.

ಅವರ ಸೊಸೆ ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲೂ ಬಾರದ ಹುಡುಗಿ. ಆರು ವರ್ಷ ಮಾವನ ಪಕ್ಕ ಕೂತು ಕೆಲಸ ಕಲಿತಳು. ಈಗ ಅರ್ಧಕ್ಕಿಂತ ಹೆಚ್ಚು ಪುಸ್ತಕ ಅವಳ ಕೈಯಲ್ಲೇ ತಯಾರಾಗುತ್ತವೆ. ಆದರೂ ಬಂದವರೆಲ್ಲ "ಯಜಮಾನ್ರು ಇಲ್ವಾ?" ಎಂದೇ ಕೇಳುತ್ತಿದ್ದರು.

ಒಂದು ದಿನ ದೊಡ್ಡ ಲೈಬ್ರರಿಯ ಮೇಡಂ ಮಹಡಿಯ ಕೋಣೆಗೆ ಬಂದರು. ಅವರು ಕೇಳಿದ್ದು ಸೊಸೆಯನ್ನೇ.

"ನಿಮ್ಮ ಹೊಲಿಗೆ ನೋಡಿದ್ದೀನಿ ಕಣಮ್ಮ, ಬಹಳ ಅಚ್ಚುಕಟ್ಟು. ನಮ್ಮಲ್ಲಿ ಆರುನೂರು ಹಳೇ ಪುಸ್ತಕ ಕೆಟ್ಟು ಕೂತಿವೆ. ಈ ಕಾಲದಲ್ಲಿ ಎಲ್ಲೂ ಸಿಗದ ಪುಸ್ತಕಗಳು. ನಿಮ್ಮ ಕೈಗೇ ಕೊಡೋಣ ಅಂತಿದ್ದೀನಿ," ಎಂದರು. ಸೊಸೆಯ ಮುಖ ಅರಳಿತು. ಅಷ್ಟರಲ್ಲಿ ಮೇಡಂ ಕತ್ತೆತ್ತಿ ಮೇಲೆ ನೋಡಿದರು. ಪ್ರೆಸ್ಸಿನ ಮೇಲೆ ಛಾವಣಿಯಲ್ಲಿ ತಟ್ಟೆಯಗಲದ ಕಂದು ಕಲೆ.

"ಇದೇನಿದು?"

"ಹಳೇ ಕಲೆ ಮೇಡಂ," ಎಂದರು ಡಾಂಬರ್ ಮಾವ ಕೋಣೆಯ ಆ ತುದಿಯಿಂದ.

ಮೇಡಂ ಕುರ್ಚಿ ಹತ್ತಿ ಮುಟ್ಟಿ ನೋಡಿದರು. ಬೆರಳು ಒದ್ದೆಯಾಯಿತು. ಹಳೆಯ ಕಲೆ ಒದ್ದೆಯಾಗಿರುವುದಿಲ್ಲ, ಅದು ಚಿಕ್ಕ ಮಕ್ಕಳಿಗೂ ಗೊತ್ತು.

"ಮುಂದಿನ ತಿಂಗಳ ಮೊದಲ ಸೋಮವಾರ ಮತ್ತೆ ಬರ್ತೀನಿ," ಎಂದರು. "ಆಗ ಈ ಛಾವಣಿ ಒಣಗಿದ್ರೆ ಆರುನೂರು ಪುಸ್ತಕ ನಿಮ್ದು. ಇಲ್ಲದಿದ್ರೆ ಬೇಜಾರು ಮಾಡ್ಕೋಬೇಡಿ, ಬೇರೆ ಊರಿಗೆ ಕಳಿಸ್ತೀನಿ."

ಆ ಕೆಲಸ ಸೊಸೆಗೆ ಬೇಕೇ ಬೇಕಿತ್ತು. ಅವಳ ಹೆಸರು ಹೇಳಿಕೊಂಡು ಬಂದ ಮೊದಲ ಕೆಲಸ ಅದು.

"ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಮ್ಮ," ಎಂದರು ಮಾವ. "ಇನ್ನೊಂದು ಡಬ್ಬ ಡಾಂಬರು ಹೊಡೆದ್ರೆ ಆಯ್ತು."

"ಮಾವ, ಹನ್ನೊಂದು ಸಲ ಹೊಡೆದಾಯ್ತಲ್ಲ."

"ಹನ್ನೆರಡನೇದು ಹಿಡಿಯುತ್ತೆ ನೋಡ್ತಿರು."

ಸೊಸೆ ಮಾವನಿಗೆ ಎದುರಾಡುವವಳಲ್ಲ. ಸುಮ್ಮನೆ ಕೆಳಗೆ ಹೋಗಿ ತನ್ನ ಹಳೆಯ ಗೆಳತಿಗೆ ಫೋನ್ ಮಾಡಿದಳು. ಅವಳನ್ನು ಎಲ್ಲರೂ ಟಾರ್ಪಾಲಕ್ಕ ಎನ್ನುತ್ತಾರೆ. ಮೊದಲು ಲಾರಿಗಳ ಟಾರ್ಪಾಲು ಬೆಸೆಯುವ ಅಂಗಡಿಯಲ್ಲಿದ್ದಳು. ಆಮೇಲೆ ತರಬೇತಿ ಪಡೆದು, ಎಂಟು ವರ್ಷದಿಂದ ಕಾರ್ಖಾನೆ, ಆಸ್ಪತ್ರೆ, ಮನೆಗಳ ತಾರಸಿಗೆ ನೀರು ಇಳಿಯದ ಮೆಂಬ್ರೇನ್ ಹಾಳೆ ಹಾಸುತ್ತಿದ್ದಾಳೆ.

ಮಾರನೆಯ ದಿನವೇ ಟಾರ್ಪಾಲಕ್ಕ ಬಂದಳು. ಹೆಗಲಿಗೆ ಚೀಲ, ಮೊಣಕಾಲಿಗೆ ದಪ್ಪ ಪಟ್ಟಿ. ಮಾವ ಬಾಗಿಲಲ್ಲೇ ತಡೆದರು.

"ಏನಮ್ಮ, ಟಾರ್ಪಾಲು ಹೊದಿಸೋಕೆ ಬಂದ್ಯಾ? ಇದು ಮನೆ, ಲಾರಿ ಅಲ್ಲ."

"ಲಾರಿ ಆಗಿದ್ರೆ ಮರದ ಕೆಳಗೆ ನಿಲ್ಲಿಸಿ ಸುಮ್ಮನಾಗಬಹುದಿತ್ತು ಮಾವ. ಮನೆ ಅಲ್ವಾ, ಅದಕ್ಕೇ ಮೊದಲು ಮೇಲೆ ಹತ್ತಿ ನೋಡ್ತೀನಿ."

ನಾನೂ ಹಿಂದೆಯೇ ಹತ್ತಿದೆ. ಟಾರ್ಪಾಲಕ್ಕ ಚೀಲ ಬಿಚ್ಚಲಿಲ್ಲ. ತಾರಸಿಯ ಉದ್ದಕ್ಕೂ ಹೆಜ್ಜೆ ಊರುತ್ತ ನಡೆದಳು. ಒಂದು ಕಡೆ ನಿಂತು ಕುಣಿದಳು. ಕಾಲ ಕೆಳಗೆ ಪಚ್ ಪಚ್ ಎಂದಿತು.

"ಮಳೆ ಬಂದು ಎಂಟು ದಿನ ಆಯ್ತು. ದಿನಾ ಬಿಸಿಲು ಕಾಯ್ತಿದೆ. ಆದ್ರೂ ಇಲ್ಲಿ ಪಚಪಚ ಅಂತಿದೆಯಲ್ಲ, ಯಾಕೆ?" ಎಂದು ಕೇಳಿದಳು.

ಬಗ್ಗಿ ಅಂಗೈಯಿಂದ ಅದೇ ಜಾಗ ಒತ್ತಿ ನೋಡಿದಳು.

"ಒಂದು ಅಂಗೈಯಗಲ ಕತ್ತರಿಸಿ ತೋರಿಸ್ಲಾ?"

"ನನ್ನ ಹನ್ನೊಂದು ವರ್ಷದ ಕೆಲಸಾನಾ?" ಮಾವನ ದನಿ ಏರಿತು.

"ಕತ್ತರಿಸು ಕಣೇ," ಎಂದಳು ಸೊಸೆ, ಮಾವನ ಮುಖ ನೋಡದೆ.

ಟಾರ್ಪಾಲಕ್ಕ ಚಾಕು, ಉಳಿ ತೆಗೆದು ಚೌಕಾಕಾರದ ಒಂದು ತುಂಡನ್ನು ಕಿತ್ತು ಮಾವನ ಕೈಗಿಟ್ಟಳು. ಮಾವ ಕನ್ನಡಕ ಏರಿಸಿ ಅದರ ಅಂಚು ನೋಡಿದರು. ಬೈಂಡರ್ ಕಣ್ಣು ನೋಡಿ, ಅಂಚು ಕಂಡರೆ ಎಣಿಸದೆ ಬಿಡುವುದಿಲ್ಲ. ಉಗುರಿನಿಂದ ಒಂದೊಂದೇ ಪದರ ಬಿಡಿಸಿ ಎಣಿಸಿದರು. ಸರಿಯಾಗಿ ಹನ್ನೊಂದು. ನಾಲ್ಕನೆಯದು ಮತ್ತು ಐದನೆಯದರ ನಡುವೆ ಬೆರಳಿಟ್ಟಾಗ ನೀರು ಜಿನುಗಿ ಅವರ ಅಂಗಿಯ ತೋಳಿಗೆ ಇಳಿಯಿತು.

"ನೋಡಿ ಮಾವ," ಎಂದಳು ಟಾರ್ಪಾಲಕ್ಕ, ಈಗ ಮೆತ್ತಗೆ. "ಬಿಸಿಲಿಗೆ ಡಾಂಬರು ಗಟ್ಟಿಯಾಗಿ ಬಿರಿಯುತ್ತೆ. ಬಿರುಕಲ್ಲಿ ನೀರು ಇಳಿಯುತ್ತೆ. ಅದು ಆರೋ ಮುಂಚೆ ನೀವು ಮೇಲೆ ಇನ್ನೊಂದು ಪದರ ಮುಚ್ಚಿಬಿಡ್ತೀರ. ಒಳಗೆ ಸಿಕ್ಕಿಹಾಕ್ಕೊಂಡ ನೀರು ಮೇಲೆ ಬರೋಕಾಗಲ್ಲ. ದಾರಿ ಹುಡುಕ್ಕೊಂಡು ಕೆಳಗಡೆ ಇಳಿಯುತ್ತೆ. ಅದಕ್ಕೇ ಒಂದೊಂದು ವರ್ಷ ಒಂದೊಂದು ಕಡೆ ಸೋರೋದು. ನೀವು ಬಳಿದಿದ್ದೇನೋ ಡಾಂಬರು, ಕೂಡಿಟ್ಟಿದ್ದು ನೀರು."

"ಹಾಗಾದ್ರೆ ಈಗೇನ್ಮಾಡ್ಬೇಕು?" ಎಂದು ನಾನೇ ಕೇಳಿದೆ.

"ಇದನ್ನೆಲ್ಲ ಕಿತ್ತು ಹಾಕ್ಬೇಕು. ಕೆಳಗಿನ ಕಾಂಕ್ರೀಟು ಗಟ್ಟಿ ಇದೆಯಾ ನೋಡ್ಬೇಕು. ಬಿರುಕು ಮುಚ್ಚಿ, ನೀರು ಪೈಪಿನ ಕಡೆ ಹರಿಯೋ ಹಾಗೆ ಇಳಿಜಾರು ಮಾಡ್ಬೇಕು. ಚೆನ್ನಾಗಿ ಒಣಗಿದ ಮೇಲೆ ಮೆಂಬ್ರೇನ್ ಹಾಳೆ ಹಾಸ್ಬೇಕು. ಸಿಂಗಲ್ ಪ್ಲೈ ಅಂತಾರೆ, ಅಂದ್ರೆ ಒಂದೇ ಪದರ."

ಮಾವ ಗಹಗಹಿಸಿ ನಕ್ಕರು. "ಹನ್ನೊಂದು ಪದರಕ್ಕೆ ಬಗ್ಗದ ಮಳೆ ಒಂದು ಪದರಕ್ಕೆ ಬಗ್ಗುತ್ತಾ? ಟೈಲರಮ್ಮ, ಕೇಳಿಸ್ಕೊಂಡ್ರಾ?"

ನಿಜ ಹೇಳುತ್ತೇನೆ, ನಾನೂ ನಕ್ಕೆ. ಟಾರ್ಪಾಲಕ್ಕ ಚೀಲದಿಂದ ತೆಗೆದ ಹಾಳೆಯ ತುಂಡು ನನ್ನ ಹೊಲಿಗೆ ಮೆಷಿನ್ನಿನ ಬೆಲ್ಟಿನಷ್ಟೂ ದಪ್ಪ ಇರಲಿಲ್ಲ. ಬಿಳಿಯ ಬಣ್ಣ, ಒಳಗೆ ಸಣ್ಣ ಬಲೆ. ಇದನ್ನು ನಂಬಿ ಮನೆ ಒಪ್ಪಿಸುವುದು ಹೇಗೆ?

ಆದರೆ ಸೊಸೆ ನಗಲಿಲ್ಲ. "ಮಾವ," ಎಂದಳು, "ಆರು ವರ್ಷದಿಂದ ನನಗೆ ಒಂದು ಪರೀಕ್ಷೆ ಮಾಡಿಸ್ತಿದ್ದೀರಲ್ಲ, ಅದನ್ನ ಇವಳಿಗೂ ಮಾಡ್ಸಿ. ಗೆದ್ರೆ ಹಾಳೆ, ಸೋತ್ರೆ ಡಾಂಬರು."

ಆ ಪರೀಕ್ಷೆ ಏನೆಂದು ಹೇಳುತ್ತೇನೆ. ಅಂಟು ಹಿಡಿದಿದೆಯೋ ಇಲ್ಲವೋ ನೋಡಲು ಈ ಮನೆಯಲ್ಲಿ ಅಂಟಿಸಿದ ಎರಡು ಹಾಳೆಗಳನ್ನು ಒಣಗಿದ ಮೇಲೆ ಹಿಡಿದು ಎಳೆಯುತ್ತಾರೆ. ಹಾಳೆಗಳು ಬೇರೆ ಬೇರೆಯಾಗಿ ಬಂದರೆ ಅಂಟು ಸುಳ್ಳು. ಅಂಟು ಬಿಡದೆ ಕಾಗದವೇ ಹರಿದರೆ ಅಂಟು ನಿಜ. ಸೊಸೆ ಮೊದಲ ವರ್ಷವಿಡೀ ಈ ಪರೀಕ್ಷೆಯಲ್ಲಿ ಫೇಲಾಗಿ ಅಳುತ್ತಿದ್ದುದು ನನ್ನ ಕಿಟಕಿಗೆ ಗೊತ್ತು.

ಎಲ್ಲರೂ ಕೆಲಸದ ಕೋಣೆಗೆ ಇಳಿದೆವು. ಟಾರ್ಪಾಲಕ್ಕ ಬಿಸಿಗಾಳಿ ಬಿಡುವ ಗನ್ನು ಹಚ್ಚಿ, ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಬಿಸಿಗಾಳಿ ಹಾಯಿಸುತ್ತ ಚಿಕ್ಕ ರೋಲರಿನಿಂದ ಒತ್ತಿದಳು. ಹೀಗೆ ಎರಡು ಜೋಡಿ ಮಾಡಿದಳು. "ಆರಲಿ, ಬಿಸಿ ಇದ್ದಾಗ ಮುಟ್ಟಬಾರ್ದು," ಎಂದಳು.

"ನಮ್ಮ ಅಂಟೂ ಹಾಗೇ," ಎಂದರು ಮಾವ, ಬಿಗುಮಾನದಿಂದ.

ಆರಿದ ಮೇಲೆ ಮಾವ ಮೊದಲ ಜೋಡಿಯನ್ನು ಎಳೆದರು. ಸರಕ್ಕನೆ ಬಿಟ್ಟುಕೊಂಡಿತು. ಮಾವನ ಖುಷಿ ನೋಡಬೇಕಿತ್ತು. "ನೋಡ್ದ್ಯಾ! ನೋಡ್ದ್ಯಾ! ಇದನ್ನ ನನ್ನ ತಲೆ ಮೇಲೆ ಹಾಕ್ತೀಯಾ?"

"ಅದು ಬೇಕಂತಲೇ ಕೆಡಿಸಿದ್ದು ಮಾವ," ಎಂದಳು ಟಾರ್ಪಾಲಕ್ಕ. "ಶಾಖ ಕಮ್ಮಿ ಇಟ್ಟೆ. ನೋಡೋಕೆ ಎರಡೂ ಒಂದೇ ಥರ ಇವೆ, ಹೌದಲ್ವಾ? ಅದಕ್ಕೇ ಒಳ್ಳೇ ಹಾಳೆ ತಂದ್ರೆ ಸಾಲದು, ಬೆಸೆಯೋ ಕೈ ಕಲಿತ ಕೈ ಆಗಿರ್ಬೇಕು. ಈಗ ಎರಡನೇದು ಎಳೀರಿ."

ಮಾವ ಎಳೆದರು. ಏನೂ ಆಗಲಿಲ್ಲ. ಒಂದು ತುದಿಯನ್ನು ಪ್ರೆಸ್ಸಿಗೆ ಕಚ್ಚಿಸಿ, ಇಕ್ಕಳದಿಂದ ಇನ್ನೊಂದು ತುದಿ ಹಿಡಿದು, ಪ್ರೆಸ್ಸಿನ ಬುಡಕ್ಕೆ ಕಾಲು ಕೊಟ್ಟು ಎಳೆದರು. ಮುಖ ಕೆಂಪಾಯಿತು. ಸೊಸೆ "ಬೇಡ ಮಾವ, ಸಾಕು" ಎನ್ನುವಷ್ಟರಲ್ಲಿ ಚರ್ ಎಂದು ಸದ್ದಾಗಿ, ಮಾವ ರಟ್ಟಿನ ಕಟ್ಟಿನ ಮೇಲೆ ಧೊಪ್ಪನೆ ಕೂತರು. ಕೂತಲ್ಲಿಂದಲೇ ಕೈಯಲ್ಲಿದ್ದ ತುಂಡು ನೋಡಿದರು. ಹಾಳೆಯ ಮೈ ಹರಿದು ಒಳಗಿನ ಬಲೆ ಕಾಣುತ್ತಿತ್ತು. ಬೆಸುಗೆ ಮಾತ್ರ ಹಾಗೇ ಇತ್ತು.

ಬೆಸುಗೆಯ ಅಂಚಿಗೆ ಉಗುರು ಹಾಕಿ ನೋಡಿದರು. ಆಮೇಲೆ ಎದ್ದು ಅಂಗಿ ಕೊಡವಿಕೊಂಡು, "ಯಾವತ್ತು ಶುರು ಮಾಡ್ತೀಯಮ್ಮ?" ಎಂದರು.

ಬುಧವಾರ ಶುರುವಾಯಿತು. ಹನ್ನೊಂದು ಪದರ ಕೀಳಲು ಇಬ್ಬರು ಆಳುಗಳಿಗೆ ಮೂರು ದಿನ ಹಿಡಿಯಿತು. ಕಾಂಕ್ರೀಟು ಗಟ್ಟಿಯಾಗಿಯೇ ಇತ್ತು. ಎರಡು ಬಿರುಕು ಮುಚ್ಚಿ, ಮೂಲೆಯಲ್ಲಿ ನೀರು ನಿಲ್ಲುತ್ತಿದ್ದ ತಗ್ಗು ಎತ್ತರಿಸಿ, ಎರಡು ವಾರ ಒಣಗಲು ಬಿಟ್ಟರು.

ಆಮೇಲೆ ಟಾರ್ಪಾಲಕ್ಕ ಮೊದಲು ದಪ್ಪ ಕಂಬಳಿಯಂಥ ಬಟ್ಟೆ ಹಾಸಿದಳು. "ಡಾಂಬರಿನ ಕಲೆ ಪೂರ್ತಿ ಹೋಗಿಲ್ಲ. ಈ ಹಾಳೆಗೂ ಡಾಂಬರಿಗೂ ಆಗಿಬರಲ್ಲ, ಹಾಳೆ ಕೆಟ್ಟುಹೋಗುತ್ತೆ. ಅದಕ್ಕೇ ನಡುವೆ ಇದು," ಎಂದಳು. ಮಾವ ಹೂಂ ಎಂದರು. ಆದರೆ ಅವರ ಗಮನವೆಲ್ಲ ಬಿಸಿಗಾಳಿ ಮೆಷಿನ್ನಿನ ಮೇಲಿತ್ತು. ಈ ಮಾತು ಅವರ ಕಿವಿಗೆ ಬಿದ್ದಿತೇ ಹೊರತು ಒಳಗೆ ಹೋಗಲಿಲ್ಲ. ಇದನ್ನು ನೀವು ನೆನಪಿಡಿ.

ಹಾಳೆಯ ಸುರುಳಿಗಳನ್ನು ಉರುಳಿಸಿ ಬಿಚ್ಚಿದರು. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ನಾಲ್ಕು ಬೆರಳಿಗಿಂತ ಹೆಚ್ಚೇ ಏರಿತ್ತು. ಅಂಚಿಗೆ ಇಷ್ಟು ಬಟ್ಟೆ ಬಿಡುವ ಟೈಲರನ್ನು ನಾನು ಮೆಚ್ಚುತ್ತೇನೆ. ಬೆಸೆದು ಆರಿದ ಮೇಲೆ ಟಾರ್ಪಾಲಕ್ಕ ಕೊಕ್ಕೆಯಂಥ ಮೊಂಡು ಕಡ್ಡಿ ಹಿಡಿದು, ಮಂಡಿಯೂರಿ, ಪ್ರತಿ ಬೆಸುಗೆಯ ಉದ್ದಕ್ಕೂ ಎಳೆಯುತ್ತ ಹೋದಳು. ಕಡ್ಡಿ ಒಳನುಗ್ಗಿದ ಕಡೆ ಗುರುತು ಹಾಕಿ ಮತ್ತೆ ಬೆಸೆದಳು. ಅಂಥವು ಇಡೀ ತಾರಸಿಯಲ್ಲಿ ಎರಡೇ ಎರಡು.

"ಸೋರೋದು ನಡುವೆ ಅಲ್ಲ, ಅಂಚಲ್ಲಿ," ಎಂದಳು. ಸುತ್ತಲಿನ ಗೋಡೆಗೆ ಹಾಳೆಯನ್ನು ಒಂದು ಗೇಣು ಎತ್ತರ ಹತ್ತಿಸಿ, ಮೇಲೆ ಲೋಹದ ಪಟ್ಟಿ ಬಡಿದು, ಸಂದು ಮುಚ್ಚಿದಳು. ಪೈಪುಗಳಿಗೆ ಅದೇ ಹಾಳೆಯ ಕಾಲರ್ ತೊಡಿಸಿದಳು.

"ಇದು ಎಲ್ಲ ಮನೆಗೂ ಆಗುತ್ತಾ?" ಎಂದು ಕೇಳಿದೆ. ನನ್ನದೂ ತಾರಸಿಯೇ.

"ಕಾಂಕ್ರೀಟು ಬಲವಾಗಿರ್ಬೇಕು ಅಕ್ಕ. ಕಬ್ಬಿಣ ತುಕ್ಕು ಹಿಡಿದು ಉದುರ್ತಿದ್ರೆ ಮೊದಲು ಅದರ ರಿಪೇರಿ. ಮೊದಲ ಸಲ ಖರ್ಚು ಡಾಂಬರಿಗಿಂತ ಜಾಸ್ತಿ, ಸುಳ್ಳು ಹೇಳಲ್ಲ. ಆದ್ರೆ ಚೆನ್ನಾಗಿ ಹಾಸಿದ್ರೆ ಇಪ್ಪತ್ತು ವರ್ಷದ ಮೇಲೆ ಬರುತ್ತೆ. ಹಾಳೆಯಲ್ಲೂ ಜಾತಿ ಇವೆ. ಪಿವಿಸಿ, ಟಿಪಿಓ ಅನ್ನೋದನ್ನ ಬಿಸಿಗಾಳೀಲಿ ಬೆಸೀತೀವಿ. ಇಪಿಡಿಎಂ ಅನ್ನೋದು ರಬ್ಬರ್, ಅದನ್ನ ಅದರದೇ ಟೇಪಲ್ಲಿ ಅಂಟಿಸ್ತೀವಿ. ಯಾವುದು ಹಾಕ್ತಿದ್ದೀರ, ಎಷ್ಟು ದಪ್ಪ ಅಂತ ಕೇಳಿ ಬರೆಸ್ಕೊಳ್ಳಿ. ನಾಚ್ಕೋಬೇಡಿ."

ಶುರುವಾಗಿ ಮೂರು ವಾರಕ್ಕೆ, ಬುಧವಾರವೇ ಕೆಲಸ ಮುಗಿಯಿತು. ಬಿಳಿ ಹಾಳೆಗೆ ಬಿಸಿಲು ತಟ್ಟಿ ವಾಪಸ್ ಹೋಗುವುದರಿಂದ ಕೆಳಗಿನ ಕೋಣೆಯೂ ತಣ್ಣಗಾಗಿತ್ತು. ಸೊಸೆ ಹಾಡು ಗುನುಗುತ್ತ ಕಲೆಯ ಮೇಲೆ ಸುಣ್ಣ ಬಳಿದಳು. ಮೇಡಂ ಬರಲು ಐದು ದಿನ ಇತ್ತು.

ಗುರುವಾರ ಮಧ್ಯಾಹ್ನ ಮಾವ ನನ್ನ ಬಾಗಿಲಿಗೆ ಬಂದರು. "ಟೈಲರಮ್ಮ, ಒಂದು ಹಳೇ ಬ್ರಷ್ ಇದ್ರೆ ಕೊಡಿ. ಗೇಟಿಗೆ ಬಣ್ಣ ಹಚ್ಬೇಕು."

ಕೊಟ್ಟೆ. ಕೊಡಬಾರದಿತ್ತು. ಅರ್ಧ ಗಂಟೆಯಲ್ಲಿ ಹನ್ನೊಂದು ವರ್ಷದ ಆ ಪರಿಚಿತ ವಾಸನೆ ನನ್ನ ಮೂಗಿಗೆ ಬಡಿಯಿತು. ನನ್ನ ತಾರಸಿಗೆ ಓಡಿ ನೋಡಿದರೆ, ಹಾಲಿನಂಥ ಬಿಳಿ ಹಾಳೆಯ ನಡುವೆ ಡಾಂಬರ್ ಮಾವ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ನೀರಿನ ಪೈಪಿನ ಸುತ್ತ ಪರಾತದಗಲ ಕಪ್ಪು. ಬ್ರಷ್ಷು ಇನ್ನೂ ಆಡುತ್ತಿದೆ.

"ಅಯ್ಯೋ ಯಜಮಾನ್ರೇ! ಅದೇನು ಮಾಡ್ತಿದ್ದೀರಾ!"

"ಷ್! ಕೂಗ್ಬೇಡಿ. ಒಂಚೂರು ಭದ್ರ ಮಾಡ್ತಿದ್ದೀನಿ, ಅಷ್ಟೇ."

ನನ್ನ ಕೂಗಿಗೆ ಸೊಸೆ ಮೆಟ್ಟಿಲು ಹಾರಿಕೊಂಡು ಬಂದಳು. ನೋಡಿ ನಿಂತಲ್ಲೇ ನಿಂತಳು. ಬೈಯಲಿಲ್ಲ. ಕಣ್ಣಲ್ಲಿ ನೀರು ಬಂತು.

"ಯಾಕೆ ಮಾವ? ಎಳೆದು ನೋಡಿದ್ರಲ್ಲ ನೀವೇ? ನನ್ನ ಕೆಲಸದ ಮೇಲೂ ನಿಮಗೆ ಹೀಗೇ ಅನುಮಾನಾನಾ?"

ಆ ಮಾತು ಮುದುಕರಿಗೆ ನಾಟಿತು. ಬ್ರಷ್ಷನ್ನು ಡಬ್ಬದಲ್ಲಿ ಇಳಿಸಿ, ಗೋಡೆಗೆ ಒರಗಿ ಕೂತರು.

"ನಿನ್ನ ಮೇಲೆ ಅನುಮಾನ ಅಲ್ಲ ತಾಯಿ. ನನಗೆ ಭಯ," ಎಂದರು. "ನೀನು ಬರೋಕೆ ಮುಂಚೆ, ಒಂದು ಸ್ಕೂಲಿನ ದಾಖಲಾತಿ ಪುಸ್ತಕಗಳು ನನ್ನ ಹತ್ರ ಇದ್ದವು. ಐವತ್ತು ವರ್ಷದ ಮಕ್ಕಳ ಹೆಸರು. ಒಂದೇ ಮಳೆಗೆ ನೆಂದುಹೋದವು. ಒಂದೊಂದು ಹಾಳೆಗೂ ಇಸ್ತ್ರಿ ಹಾಕಿದೆ. ಹಾಳೆ ಉಳೀತು, ಶಾಯಿ ಉಳೀಲಿಲ್ಲ. ಆ ಹೆಡ್ ಮಾಸ್ಟರ್ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅವತ್ತಿಂದ ಮಳೆಗಾಲ ಹತ್ರ ಬಂದ್ರೆ ನನ್ನ ಕೈ ಸುಮ್ಮನಿರಲ್ಲ. ಈಗ ನಿನ್ನ ಹೆಸರಿಗೆ ಆರುನೂರು ಪುಸ್ತಕ ಬರ್ತಾ ಇವೆ. ನನ್ನ ತಾರಸಿಯಿಂದ ನಿನ್ನ ಹೆಸರು ಕೆಡಬಾರ್ದು ಅಂತ..."

ಹನ್ನೊಂದು ವರ್ಷ ಅವರನ್ನು ಡಾಂಬರ್ ಮಾವ ಎಂದು ಕರೆದು ನಕ್ಕವರಲ್ಲಿ ನಾನೂ ಒಬ್ಬಳು. ಅವತ್ತು ನನಗೆ ನಾಚಿಕೆಯಾಯಿತು. ಸೊಸೆ ಮಾವನ ಕೈ ಹಿಡಿದು ಎಬ್ಬಿಸಿದಳು. ಅವಳ ಸೀರೆಗೂ ಡಾಂಬರು ಹತ್ತಿತು.

ಸುದ್ದಿ ಕೇಳಿ ಸಂಜೆಗೆ ಟಾರ್ಪಾಲಕ್ಕ ಬಂದಳು. ಕಪ್ಪು ಮಚ್ಚೆ ನೋಡಿ ಸೊಂಟಕ್ಕೆ ಕೈ ಇಟ್ಟಳು.

"ದೃಷ್ಟಿಬೊಟ್ಟು ಇಟ್ರಾ ಮಾವ?"

ಮಾವನ ಮುಖ ಹುಳ್ಳಗಾಯಿತು. "ಪೂರ್ತಿ ಕೆಟ್ಟುಹೋಯ್ತೇನಮ್ಮ? ಎಲ್ಲ ತೆಗೀಬೇಕಾ?"

"ಯಾಕೆ ತೆಗೀಬೇಕು? ಇವತ್ತೇ ಗೊತ್ತಾಯ್ತಲ್ಲ. ಹಾಗೇ ಬಿಟ್ಟಿದ್ರೆ ಡಾಂಬರು ಹಾಳೆಯ ಸತ್ವ ಎಲ್ಲ ಹೀರಿ, ಅದು ಗಟ್ಟಿಯಾಗಿ ಒಡೀತಿತ್ತು. ಈಗ ಡಾಂಬರು ತಾಗಿದಷ್ಟು ಕತ್ತರಿಸಿ ತೆಗೆದು, ಹೊಸ ತುಂಡು ಬೆಸೆದ್ರೆ ಆಯ್ತು. ಒಂದೇ ಪದರ ನೋಡಿ, ಎಲ್ಲಿ ಏನಾಗಿದೆ ಅಂತ ಕಣ್ಣಿಗೆ ಕಾಣುತ್ತೆ. ಹನ್ನೊಂದು ಪದರದಲ್ಲಿ ಏನು ಕಾಣ್ತಿತ್ತು?"

ಅವಳು ಕಪ್ಪಾದ ಭಾಗ ಕತ್ತರಿಸಿ, ಕಂಬಳಿ ಬಟ್ಟೆ ಬದಲಿಸಿ, ಪೈಪಿಗೆ ಹೊಸ ಕಾಲರ್ ತೊಡಿಸಿ, ಸುತ್ತ ಹೊಸ ತುಂಡು ಇಟ್ಟಳು. ಇಡುವ ಮೊದಲು ಅದರ ನಾಲ್ಕು ಮೂಲೆಗಳನ್ನೂ ಕತ್ತರಿಯಿಂದ ದುಂಡಗೆ ಮಾಡಿದಳು.

"ಚೂಪು ಮೂಲೆ ಮೊದಲು ಏಳುತ್ತೆ, ಅದಕ್ಕಾ?" ಎಂದು ಮಾವ ಕೇಳಿದರು.

"ಯಾರು ಹೇಳಿಕೊಟ್ರು?"

"ನಲವತ್ತೈದು ವರ್ಷದಿಂದ ಪುಸ್ತಕದ ಮೂಲೆ ನೋಡ್ತಿದ್ದೀನಿ ಕಣಮ್ಮ," ಎಂದು ಮಾವ ನಕ್ಕರು. ಬೆಸುಗೆ ಆರಿದ ಮೇಲೆ ಕೊಕ್ಕೆಯ ಕಡ್ಡಿಯನ್ನು ಅವಳು ಅವರ ಕೈಗೇ ಕೊಟ್ಟಳು. ಅವರು ಮೂರು ಸುತ್ತು ಎಳೆದು ನೋಡಿದರು. ಎಲ್ಲೂ ನುಗ್ಗಲಿಲ್ಲ. ಉಳಿದ ಡಾಂಬರಿನ ಡಬ್ಬವನ್ನು ಸೊಸೆ ಅವತ್ತೇ ಮನೆಯಿಂದ ಸಾಗಹಾಕಿದಳು. ನನ್ನ ಬ್ರಷ್ಷೂ ಅದರ ಜೊತೆ ಹೋಯಿತು.

ಸೋಮವಾರ ಬೆಳಗ್ಗೆಯೇ ಮಳೆ. ಸಣ್ಣ ಮಳೆ ಅಲ್ಲ, ಎದುರಿನ ಮನೆ ಕಾಣದಂಥ ಮಳೆ. ಲೈಬ್ರರಿ ಮೇಡಂ ಕೊಡೆ ಹಿಡಿದು, ಅರ್ಧ ನೆಂದು, ಕೈಚೀಲವನ್ನು ಎದೆಗವಚಿಕೊಂಡು ಬಂದರು. ನಾನೂ ಹಿಂದೆಯೇ ಹೋದೆ. ಮಹಡಿ ಹತ್ತಿ ನೋಡಿದರೆ, ಎಲ್ಲ ಪುಸ್ತಕಗಳೂ ಇದ್ದ ಜಾಗದಲ್ಲೇ ಇವೆ. ಯಾರೂ ಏನನ್ನೂ ಹೊರುತ್ತಿಲ್ಲ. ಸೊಸೆ ಕೂತು ಪುಸ್ತಕ ಹೊಲಿಯುತ್ತಿದ್ದಾಳೆ.

ಮೇಡಂ ಕುರ್ಚಿ ಹತ್ತಿದರು. ಮಾವ ಅವರ ಕೈಗೆ ತೇವ ಹೀರುವ ಒಂದು ಬ್ಲಾಟಿಂಗ್ ಪೇಪರ್ ಕೊಟ್ಟು, "ಬೆರಳು ಸುಳ್ಳು ಹೇಳಬಹುದು, ಇದು ಹೇಳಲ್ಲ. ಒತ್ತಿ ನೋಡಿ," ಎಂದರು. ಮೇಡಂ ನಾಲ್ಕು ಮೂಲೆ, ನಡು, ಪೈಪಿನ ಸುತ್ತ, ಎಲ್ಲ ಕಡೆ ಒತ್ತಿದರು. ಪೇಪರ್ ಒಣಗಿಯೇ ಇತ್ತು. ಸೊಸೆ ಆಗ ಉಸಿರು ಬಿಟ್ಟಳು.

"ಕೆಲಸ ನಿಮ್ದು," ಎಂದರು ಮೇಡಂ. ಕೈಚೀಲದಿಂದ ಒಂದು ಹಳೆಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ಇದು ಮೊದಲನೇದು."

ಮಾವ ಪುಸ್ತಕ ಎತ್ತಿಕೊಂಡರು. ಅದರ ಮೇಲಿನ ಅಂಚು ನೋಡಿದರು, ಬೆನ್ನು ನೋಡಿದರು, ಹಾಳೆ ತಿರುವಿದರು. ಪ್ರತಿ ಹಾಳೆಯ ಮೇಲ್ತುದಿಯಿಂದ ಒಂದು ಕಂದು ಗೆರೆ ಕೆಳಗಿಳಿದಿತ್ತು.

"ಮೇಡಂ, ಎಲ್ಲ ಆರುನೂರೂ ಹೀಗೇ ಕೆಟ್ಟಿರೋದಾ?"

"ಹೆಚ್ಚುಕಮ್ಮಿ ಹೀಗೇ."

"ಇದು ನೆಲದಿಂದ ಹತ್ತಿದ ನೀರಲ್ಲ. ಮೇಲಿಂದ ಬಿದ್ದ ನೀರು. ನಿಮ್ಮ ಲೈಬ್ರರಿ ಮೇಲೆ ತಾರಸಿನಾ?"

"ಹೌದು."

"ಮಳೆಗಾಲಕ್ಕೆ ಮುಂಚೆ ಏನು ಮಾಡಿಸ್ತೀರ?"

ಮೇಡಂ ಒಮ್ಮೆ ಛಾವಣಿಯ ಕಡೆ ನೋಡಿದರು. "ಪ್ರತಿ ವರ್ಷ ಡಾಂಬರು ಹಾಕಿಸ್ತೀವಿ."

ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಸೊಸೆ ಸೂಜಿ ಬಿಟ್ಟು ನಕ್ಕೇಬಿಟ್ಟಳು. ಮಾವ ಮಾತ್ರ ನಗಲಿಲ್ಲ. ಪುಸ್ತಕ ಮುಚ್ಚಿ, ಅದರ ಮೇಲೆ ಕೈ ಇಟ್ಟರು.

"ನನ್ನ ಸೊಸೆ ಆರುನೂರನ್ನೂ ಕಟ್ಟಿಕೊಡ್ತಾಳೆ ಮೇಡಂ. ಕಟ್ಟಿದ್ದು ನೂರು ವರ್ಷ ಬರುತ್ತೆ. ಆದ್ರೆ ಆ ತಾರಸಿ ಸರಿಯಾಗೋವರೆಗೂ ಒಂದು ಪುಸ್ತಕಾನೂ ಅದರ ಕೆಳಗೆ ವಾಪಸ್ ಕಳಿಸಲ್ಲ."

"ನಾನು ನಿಮ್ಮ ಛಾವಣಿ ಪರೀಕ್ಷೆ ಮಾಡೋಕೆ ಬಂದಿದ್ದೆ ಕಣ್ರೀ," ಎಂದರು ಮೇಡಂ ಬೆರಗಾಗಿ.

"ಪಾಸಾಯ್ತಲ್ಲ. ಈಗ ನಿಮ್ದು. ನಾಳೆ ಬರ್ತೀವಿ, ಚಾಕು ತರ್ತೀವಿ, ಅಂಗೈಯಗಲ ಕತ್ತರಿಸಿ ನೋಡೋಣ."

ಮೇಡಂ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಜೋರಾಗಿ ನಕ್ಕರು. ಕೆಲಸದ ಆದೇಶ ತೆಗೆದು, "ಯಾರ ಹೆಸರು ಬರೀಲಿ?" ಎಂದು ಕೇಳಿದರು. ಸೊಸೆ ಮಾವನ ಕಡೆ ನೋಡಿದಳು.

"ಅವಳ ಹೆಸರು ಬರೀರಿ," ಎಂದರು ಮಾವ. "ಬೈಂಡರ್ ಅಂದ್ರೆ ಈ ಮನೇಲಿ ಈಗ ಅವಳೇ."

ಓದುತ್ತಿರುವ ಅಕ್ಕ, ಅಣ್ಣ, ಕೇಳುತ್ತಿರುವ ಅಮ್ಮ, ಅಪ್ಪ, ಈಗ ನಿಮ್ಮ ಸರದಿ. ನಿಮ್ಮದೂ ಸಮತಟ್ಟಾದ ತಾರಸಿಯೇ? ಹಾಗಾದರೆ ಮಳೆಗಾಲ ಬರುವ ಮೊದಲು ಒಮ್ಮೆ ಮೇಲೆ ಹತ್ತಿ ನಡೆದಾಡಿ. ಕಾಲ ಕೆಳಗೆ ಮೆತ್ತಗಾದರೆ, ನೀರು ನಿಂತ ಗುರುತಿದ್ದರೆ, ಇನ್ನೊಂದು ಡಬ್ಬ ತಂದು ಮುಚ್ಚಬೇಡಿ. ತಿಳಿದವರನ್ನು ಕರೆದು ಒಳಗೇನಿದೆ ನೋಡಿಸಿ. ಮೆಂಬ್ರೇನ್ ಹಾಕಿಸುವುದಾದರೆ ಹಾಳೆಯ ಜಾತಿ, ದಪ್ಪ, ವಾರಂಟಿ ಎಲ್ಲ ಬರಹದಲ್ಲಿ ಕೇಳಿ. ತರಬೇತಿ ಪಡೆದವರಿಂದಲೇ ಹಾಕಿಸಿ. ಬೆಸುಗೆಯ ತುಂಡನ್ನು ನಿಮ್ಮ ಕಣ್ಣೆದುರೇ ಎಳೆಸಿ ನೋಡಿ. ಹಾಕಿಸಿದ ಮೇಲೆ ವರ್ಷಕ್ಕೆ ಎರಡು ಸಲ ಕಸ ಗುಡಿಸಿ, ನೀರು ಹೋಗುವ ಬಾಯಿ ಬಿಡಿಸಿ. ಚೂಪಾದದ್ದನ್ನು ಎಳೆದಾಡಬೇಡಿ, ಡಾಂಬರು, ಎಣ್ಣೆ ಸುರಿಯಬೇಡಿ.

ನಿಮ್ಮ ತಾರಸಿಯ ಕೆಳಗೂ ನೆನೆಯಬಾರದ ಒಂದು ವಸ್ತು ಇದ್ದೇ ಇರುತ್ತದೆ. ಮಗುವಿನ ಹಾಸಿಗೆಯೋ, ಮನೆಯ ಪತ್ರವೋ, ಅನ್ನ ಕೊಡುವ ಮೆಷಿನ್ನೋ. ಅದು ನೆನೆಯುವ ಮೊದಲು ನೀವು ಅದನ್ನು ನೆನೆದುಕೊಳ್ಳಿ, ಇವತ್ತೇ ಮೆಟ್ಟಿಲು ಹತ್ತಿ.